ಮೀನಿಗೂ ‘ಆರ್’, ಹೊಂಡದ ನೀರಿಗೂ ‘ಆರ್’: ಈ ಲ್ಯಾಬ್ ರಿಪೋರ್ಟ್ ಯಾರಾದರೂ ಬಿಡಿಸಿ ಹೇಳ್ತೀರಾ?

ಹೊಂಡದಬದು:
ತಿಪಟೂರು ಕಡೆ ಅರ್ಧ ಎಕರೆ ಹೊಂಡ, ಬೋರ್‌ವೆಲ್ ನೀರು. ಕಾಟ್ಲಾ, ರೋಹು ಸೇರಿ 4,000 ಮರಿ ಬಿಟ್ಟಿದ್ದೆ. ಹೋದ ತಿಂಗಳು ಮೈಮೇಲೆ ಕೆಂಪು ಹುಣ್ಣು, ಕೆಲವಕ್ಕೆ ಹೊಟ್ಟೆ ಊದಿಕೊಂಡು ಹುರುಪೆ ಎದ್ದು ನಿಂತಿತ್ತು. ಅಂಗಡಿಯವರು ಕೊಟ್ಟ ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಪುಡಿಯನ್ನು ತೌಡಿಗೆ ಕಲಸಿ ಐದು ದಿನ ಹಾಕಿದೆ, ಮಿಕ್ಕಿದ್ದನ್ನು ನೀರಿಗೇ ಸುರಿದೆ. ಸಾಯುವುದು ನಿಲ್ಲಲಿಲ್ಲ. ಆಮೇಲೆ ಬುದ್ಧಿ ಬಂದು ಒಂದು ಮೀನು, ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ಟೆ. ಎರಡರಲ್ಲೂ ಏರೋಮೊನಾಸ್ ಹೈಡ್ರೋಫಿಲಾ ಅನ್ನೋ ಬ್ಯಾಕ್ಟೀರಿಯಾ ಇದೆಯಂತೆ. ಆಂಪಿಸಿಲಿನ್ ಆರ್, ಆಕ್ಸಿಟೆಟ್ರಾಸೈಕ್ಲಿನ್ ಆರ್, ಸಿಪ್ರೊಫ್ಲಾಕ್ಸಾಸಿನ್ ಎಸ್. ನೀರಿಗೇನು ಕಾಯಿಲೆ, ಅದರಲ್ಲಿ ಯಾಕೆ ಆರ್? ಎಸ್ ಇರುವುದನ್ನು ತಂದು ಹಾಕಲಾ?

ಪೆಟ್ರಿತಟ್ಟೆ:
ಹಾಕಬೇಡಿ, ಮೊದಲು ಓದಿ. ತಟ್ಟೆ ತುಂಬ ಬ್ಯಾಕ್ಟೀರಿಯಾ ಸವರಿ, ಔಷಧಿ ಹೀರಿದ ಪುಟ್ಟ ಬಿಳಿ ಬಿಲ್ಲೆಗಳನ್ನು ಇಟ್ಟು ರಾತ್ರಿಯಿಡೀ ಬಿಡುತ್ತೇವೆ. ಔಷಧಿ ನಾಟಿದರೆ ಬಿಲ್ಲೆ ಸುತ್ತ ಏನೂ ಬೆಳೆಯದ ಅಗಲ ಉಂಗುರ ಬೀಳುತ್ತದೆ, ಅದು ಎಸ್, ಅಂದರೆ ಸೆನ್ಸಿಟಿವ್. ಉಂಗುರ ಇಲ್ಲ ಅಥವಾ ತೀರಾ ಸಣ್ಣದು ಅಂದರೆ ಆರ್, ಅಂದರೆ ರೆಸಿಸ್ಟೆಂಟ್, ಔಷಧಿ ನಾಟುವುದಿಲ್ಲ. ಆಂಪಿಸಿಲಿನ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಈ ಬ್ಯಾಕ್ಟೀರಿಯಾಕ್ಕೆ ಅದು ಹುಟ್ಟಿನಿಂದಲೇ ನಾಟುವುದಿಲ್ಲ. ಆಕ್ಸಿಟೆಟ್ರಾಸೈಕ್ಲಿನ್‌ದು ಆಮೇಲೆ ಬಂದದ್ದು. ಏರೋಮೊನಾಸ್ ಇರುವುದೇ ನೀರಿನಲ್ಲಿ, ಮೀನು ಸೊರಗಿದಾಗ ಮೈಗೆ ನುಗ್ಗುತ್ತದೆ. ಔಷಧಿ ತಡೆಯುವ ಜೀನ್ ಎಷ್ಟೋ ಸಲ ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ಬಳೆ) ಮೇಲೆ ಕೂತಿರುತ್ತದೆ. ಅದನ್ನು ಪಕ್ಕದ ಬೇರೆ ಜಾತಿ ಬ್ಯಾಕ್ಟೀರಿಯಾಕ್ಕೂ ಕೈಸಾಲ ಕೊಟ್ಟ ಹಾಗೆ ಕೊಡುತ್ತವೆ. ಕೋಳಿ ಗೊಬ್ಬರ ಹಾಕಿದ್ರಾ?

ಹೊಂಡದಬದು:
ಹಾಕಿದ್ದೆ ಸರ್, ಪಕ್ಕದ ಫಾರಂನಿಂದ ಒಂದು ಟ್ರ್ಯಾಕ್ಟರ್. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೆರೆಏರಿ:
ಸಂಬಂಧ ಇದೆ ಅಣ್ಣ. ಕೋಳಿಗೆ ಕೊಟ್ಟ ಔಷಧಿಯಲ್ಲಿ ಒಂದು ಪಾಲು ಹಿಕ್ಕೆಯಲ್ಲೇ ಹೊರಗೆ ಬರುತ್ತದೆ, ಅದಕ್ಕೆ ಒಗ್ಗಿಕೊಂಡ ಬ್ಯಾಕ್ಟೀರಿಯಾ ಸಮೇತ. ಕೊಲಿಸ್ಟಿನ್ ಅನ್ನೋ ಆಂಟಿಬಯೋಟಿಕ್ ಅನ್ನು ಕೋಳಿಗೂ ಮೀನಿಗೂ ಕೊಡಬಾರದು ಅಂತ 2019ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ್ದು ಸುಮ್ನೆ ಅಲ್ಲ. ಇನ್ನು ನಿಮ್ಮ ತೌಡು. ಹುಷಾರಿಲ್ಲದ ಮೀನು ಮೇವು ಮುಟ್ಟುವುದಿಲ್ಲ, ತಿನ್ನುವುದು ಚೆನ್ನಾಗಿರುವ ಮೀನು, ಅದರ ಮೈಗೂ ಸೇರುವುದು ಸ್ವಲ್ಪವೇ, ಉಳಿದದ್ದೆಲ್ಲ ಕೆಸರಿಗೆ. ನೀರಿಗೆ ಸುರಿದದ್ದಂತೂ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಅಂಟಿಕೊಂಡು ಕೆಲಸಕ್ಕೇ ಬರುವುದಿಲ್ಲ. ಆ ಅರೆಬರೆ ಔಷಧಿಯಲ್ಲೂ ಸಾಯದೆ ಉಳಿದವೇ ಸಂತಾನ ಬೆಳೆಸುವುದು. ನಾನೂ ಹೀಗೇ ಎರಡು ಸಲ ದುಡ್ಡು ಸುರಿದು ಕೈ ಸುಟ್ಟುಕೊಂಡವನು.
ನಿಮ್ಮದು ಮರಿ ಜಾಸ್ತಿ ಆಯ್ತು. ಎಕರೆಗೆ 2,000ದಿಂದ 4,000 ಸಾಕು, ನೀವು ಅರ್ಧ ಎಕರೆಗೇ ಅಷ್ಟು ಬಿಟ್ಟಿದ್ದೀರಿ. ಬೆಳಗಿನ ಜಾವ ಹೋಗಿ ನೋಡಿ, ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ತೊಂದರೆ. ಗೊಬ್ಬರ ನಿಲ್ಲಿಸಿ, ಸತ್ತದ್ದನ್ನು ದಿನಾ ತೆಗೆದು ಹೂಳಿ, ಹೊಸ ನೀರು ಬಿಡಿ.

ಪೆಟ್ರಿತಟ್ಟೆ:
ಇದೇ ಸರಿ. ಎಸ್ ಪಟ್ಟಿ ಅಂಗಡಿ ಚೀಟಿ ಅಲ್ಲ, ಸಿಪ್ರೊ ಮನುಷ್ಯರಿಗೂ ಬೇಕಾದ ಔಷಧಿ. ಹೊಂಡದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಇಲ್ಲದೆ ಇಳಿಯಬೇಡಿ, ಏರೋಮೊನಾಸ್ ನಮ್ಮ ಗಾಯಕ್ಕೂ ಹತ್ತುತ್ತದೆ.

ಹೊಂಡದಬದು:
ಮೊನ್ನೆ ಸತ್ತ ಮೀನು ತೆಗೆಯುವಾಗ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿತ್ತು. ನಿನ್ನೆಯಿಂದ ಊದಿಕೊಂಡು ಕೆಂಪಗಾಗಿದೆ, ಅರಿಶಿನ ಹಚ್ಚಿದ್ದೇನೆ.

ಪೆಟ್ರಿತಟ್ಟೆ:
ಈಗಲೇ ಆಸ್ಪತ್ರೆಗೆ ಹೊರಡಿ. ಆ ರಿಪೋರ್ಟನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ, ಡಾಕ್ಟರ್‌ಗೆ ತೋರಿಸಬೇಕು.