ಮಲ್ಲಿಗೆ ಹಾಕಿದ ಕ್ರೀಮ್ ಕಂದು ಬಣ್ಣಕ್ಕೆ ತಿರುಗಿದೆ, ಮುಖಕ್ಕೆ ಹಚ್ಚಬಹುದಾ?

ಕನಕಾಂಬರ:
ಮೂರು ತಿಂಗಳ ಹಿಂದೆ ಮನೆಯಲ್ಲೇ ಕ್ರೀಮ್ ಮಾಡಿದ್ದೆ. ಬಾದಾಮಿ ಎಣ್ಣೆ, ವ್ಯಾಕ್ಸ್, ಪ್ರಿಸರ್ವೇಟಿವ್, 100 ಗ್ರಾಮಿಗೆ ಎರಡು ಹನಿ ಮಲ್ಲಿಗೆ ಅಬ್ಸಲ್ಯೂಟ್ (ಹೂವಿನ ಗಾಢ ಸಾರ). ಆಗ ಹಾಲಿನ ಕೆನೆಯಷ್ಟು ಬೆಳ್ಳಗಿತ್ತು. ಗಾಜಿನ ಡಬ್ಬಿಯನ್ನು ಬಚ್ಚಲುಮನೆ ಕಿಟಕಿಯಲ್ಲಿ ಇಟ್ಟಿದ್ದೆ. ಈಗ ಮೇಲ್ಪದರ ತೆಳು ಕಾಫಿ ಬಣ್ಣ. ವಾಸನೆ ಮಾತ್ರ ಘಮ್ಮಂತಿದೆ. ಯಜಮಾನರು ಬಿಸಾಕು ಅಂತಾರೆ, ಆ ಅಬ್ಸಲ್ಯೂಟಿಗೆ ಕೊಟ್ಟ ದುಡ್ಡು ನೆನೆದರೆ ಕೈ ಬರ್ತಿಲ್ಲ.

ಸೋಪಜ್ಜಿ:
ಬಣ್ಣ ನೋಡಿ ಹೆದರಬೇಡಿ ತಂಗಿ, ಅದು ಇಂಡೋಲ್ ಕೆಲಸ. ಮಲ್ಲಿಗೆಯಲ್ಲಿ ಇರೋದೇ. ಬೆಳಕು, ಗಾಳಿ ತಾಗಿದರೆ ಕಂದಾಗುತ್ತೆ. (ಇದೇ ಇಂಡೋಲ್ ಮಲದಲ್ಲೂ ಇದೆ, ಊಟ ಮಾಡ್ತಿದ್ದರೆ ಕ್ಷಮಿಸಿ.)

ನನಗೆ ಭಯ ಲಿನಲೂಲಿನದು, ಅದೂ ಮಲ್ಲಿಗೆಯಲ್ಲಿರೋ ಒಂದು ಪರಿಮಳದ ಅಂಶ. ತಾಜಾ ಇದ್ದಾಗ ಅದು ಅಷ್ಟೇನೂ ತೊಂದರೆ ಕೊಡಲ್ಲ. ಗಾಳಿ ತಾಗಿ ತಾಗಿ ಆಕ್ಸಿಡೈಸ್ ಆಗಿ, ಹೈಡ್ರೋಪೆರಾಕ್ಸೈಡ್ ಅನ್ನೋ ಬೇರೆ ವಸ್ತು ಆದಮೇಲೆ ಅಲರ್ಜಿ ಎಬ್ಬಿಸುತ್ತೆ. ಮೂಗಿಗೆ ಗೊತ್ತೇ ಆಗಲ್ಲ. ಯುರೋಪಿನಲ್ಲಿ, ಹಚ್ಚಿ ಹಾಗೇ ಬಿಡುವ ಕ್ರೀಮಿನಲ್ಲಿ ಲಿನಲೂಲ್ ಶೇ. 0.001 ದಾಟಿದರೆ ಲೇಬಲಿನಲ್ಲಿ ಹೆಸರು ಹಾಕಲೇಬೇಕು. ನಿಮ್ಮ ಎರಡು ಹನಿ ಸುಮಾರು 0.06 ಗ್ರಾಂ. ಅದರಲ್ಲಿ ಶೇ. 5 ಲಿನಲೂಲ್ ಅಂತ ಇಟ್ಟುಕೊಂಡರೂ ಡಬ್ಬಿಯಲ್ಲಿ ಶೇ. 0.003 ಆಯ್ತು, ಆ ಮಿತಿಯ ಮೂರು ಪಟ್ಟು.

ನನ್ನ ಕಥೆ ಕೇಳಿ. ಲ್ಯಾವೆಂಡರಿನಲ್ಲೂ ಲಿನಲೂಲ್ ಇದೆ. ಅರ್ಧ ಖಾಲಿಯಾದ ಲ್ಯಾವೆಂಡರ್ ಎಣ್ಣೆ ಶೀಸೆಯನ್ನು ಎರಡು ವರ್ಷ ಶೆಲ್ಫಿನಲ್ಲಿಟ್ಟು ಕತ್ತಿಗೆ ಹಚ್ಚಿಕೊಳ್ತಿದ್ದೆ. ಕೆಂಪಗೆ ದದ್ದು, ರಾತ್ರಿಯೆಲ್ಲಾ ತುರಿಕೆ. ಯಾವುದರ ಅಲರ್ಜಿ ಅಂತ ನೋಡೋಕೆ ಚರ್ಮದ ಡಾಕ್ಟರು ಬೆನ್ನಿಗೆ ಬೇರೆ ಬೇರೆ ವಸ್ತುಗಳ ಪಟ್ಟಿ ಅಂಟಿಸಿ ಎರಡು ದಿನ ಸ್ನಾನ ಬೇಡ ಅಂದರು. ಆಕ್ಸಿಡೈಸ್ ಆದ ಲಿನಲೂಲ್ ಜಾಗ ಮಾತ್ರ ಉಬ್ಬಿತ್ತು. ಈಗ ಶಾಂಪೂ ಕೊಳ್ಳೋಕೂ, ಲೇಬಲ್ ಓದೋಕೆ ಕನ್ನಡಕ ಬೇಕು.

ಡಬ್ಬಿ ಬಿಸಾಕಿ. ಉಳಿದ ಅಬ್ಸಲ್ಯೂಟನ್ನು ಕತ್ತಿನ ತನಕ ತುಂಬುವಂಥ ಪುಟ್ಟ ಕಂದು ಶೀಸೆಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮುಂದಿನ ಸಲ 50 ಗ್ರಾಂ ಸಾಕು, ಪಂಪ್ ಬಾಟಲಿಯಲ್ಲಿ.

ಹಳೇ_ಮಡಿಕೆ:
ದಿನಾ ಮುಡಿಯೋ ಹೂವೇ ತಾನೆ ಅಜ್ಜಿ? ಕೆಮಿಕಲ್ ಸೆಂಟಿಗಿಂತ ವಾಸಿ ಅಲ್ವಾ?

ಸೋಪಜ್ಜಿ:
ಮುಡಿದ ಹೂವು ಸಂಜೆಗೆ ಬಾಡುತ್ತೆ, ಬಿಸಾಕ್ತೀವಿ. ಅಬ್ಸಲ್ಯೂಟ್ ಅಂದರೆ ರಾಶಿ ಹೂವನ್ನು ಹೆಕ್ಸೇನಿನಂಥ ದ್ರಾವಕದಲ್ಲಿ ನೆನೆಸಿ ತೆಗೆದ ಸಾರ. ಹಾಗಂತ ಸೆಂಟೆಲ್ಲ ಸಾಚಾ ಅಂತಲೂ ಅಲ್ಲ. ಲಿಲಿಯಲ್ ಅಂತ ಒಂದು ಕೃತಕ ಸೆಂಟಿತ್ತು, ಲಿಲಿ ಆಫ್ ದ ವ್ಯಾಲಿ ಹೂವಿನಂಥ ಪರಿಮಳ. ಸಂತಾನಶಕ್ತಿಗೆ ಹಾನಿ ಅಂತ ಯುರೋಪಿನಲ್ಲಿ 2022ರ ಮಾರ್ಚ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧ ಮಾಡಿದರು.

ಕನಕಾಂಬರ:
ಹಾಗಾದರೆ ಒಡೆದ ಹಿಮ್ಮಡಿಗಾದರೂ ಹಚ್ಚಲಾ?

ಸೋಪಜ್ಜಿ:
ಬಿರುಕಿದ್ದರೆ ಇನ್ನೂ ಬೇಗ ಒಳಗಿಳಿಯುತ್ತೆ. ಯಜಮಾನರ ಮಾತು ಕೇಳಿ, ಈ ಒಂದು ಸಲ.