ಐದು ದಿನದ ರಜೆ, ಒಂದೇ ಊರು: ಫೆತಿಯೆಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ (ಫ್ರಾಂಕ್‌ಫರ್ಟ್‌ನಿಂದ):
ನಮಸ್ಕಾರ ಮೇಡಂ. ನೀವು ಟ್ರಿಪ್ ಪ್ಲಾನ್ ಮಾಡಿಕೊಡುವವರು ಅಂತ ಕೇಳುತ್ತಿದ್ದೇನೆ. ಅಕ್ಟೋಬರ್ ಶಾಲೆ ರಜೆಯಲ್ಲಿ ಟರ್ಕಿಯ ಕಡಲತೀರದ ಊರು ಫೆತಿಯೆಗೆ ಐದು ದಿನ ಹೋಗೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, ಏಳು ವರ್ಷದ ಮಗಳು. ಹಾಸನದಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅವರೂ ಜೊತೆಗೆ. ಅಮ್ಮನಿಗೆ ಮಂಡಿನೋವು, ಇಬ್ಬರೂ ಸಸ್ಯಾಹಾರಿಗಳು. ಯಜಮಾನರು ಒಂದು ದಿನ ಪಾಮುಕ್ಕಲೆ (ಬಿಳಿ ಸುಣ್ಣಕಲ್ಲಿನ ಬಿಸಿನೀರ ಕೊಳಗಳು), ಒಂದು ದಿನ ಎಫೆಸಸ್ (ಪ್ರಾಚೀನ ನಗರದ ಅವಶೇಷ) ಸೇರಿಸೋಣ ಅಂತ ಹಠ ಹಿಡಿದಿದ್ದಾರೆ. ಎಲ್ಲಿ ಉಳಿಯೋದು, ಏನು ನೋಡೋದು, ಏನು ಬಿಡೋದು? ಎಲ್ಲರದೂ ಭಾರತದ ಪಾಸ್‌ಪೋರ್ಟ್.

ಉತ್ತರ:
ನಮಸ್ಕಾರ. ಟಿಕೆಟ್ ಬುಕ್ ಮಾಡುವ ಮುಂಚೆ ಅಪ್ಪ-ಅಮ್ಮನ ಪಾಸ್‌ಪೋರ್ಟ್ ತೆಗೆದು ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ) ನೋಡಿ. ಅದರಲ್ಲಿ ಎಂಟ್ರಿ ಎಷ್ಟು ಅಂತ ಬರೆದಿರುವ ಕಡೆ 'ಮಲ್ಟ್' (MULT, ಅಂದರೆ ಎಷ್ಟು ಸಲವಾದರೂ ಬರಬಹುದು) ಅಂತ ಇರಬೇಕು. '01', ಅಂದರೆ ಒಂದೇ ಸಲ ಅಂತ ಇದ್ದರೆ ಅವರು ಜರ್ಮನಿ ಬಿಟ್ಟು ಟರ್ಕಿಗೆ ಹೋಗಬಹುದು, ವಾಪಸ್ ಫ್ರಾಂಕ್‌ಫರ್ಟ್‌ಗೆ ಬರಲು ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಲ್ಲ ಬುಕ್ ಆದಮೇಲೆ ಇದು ಗೊತ್ತಾಗುತ್ತದೆ. ಹಾಗೇನಾದರೂ ಇದ್ದರೆ ಅವರನ್ನು ಬಿಟ್ಟು ಹೋಗಬೇಡಿ, ಊರನ್ನೇ ಬದಲಾಯಿಸಿ. ಗ್ರೀಸ್ ಕಡಲತೀರವೂ ಚೆನ್ನಾಗಿದೆ, ಅದು ಷೆಂಗೆನ್ ಒಳಗೇ ಬರುತ್ತದೆ.

ಟರ್ಕಿಯ ವೀಸಾ ಅಷ್ಟು ಕಷ್ಟವಲ್ಲ. ಭಾರತದ ಪಾಸ್‌ಪೋರ್ಟ್ ಇದ್ದು, ಚಾಲ್ತಿಯಲ್ಲಿರುವ ಷೆಂಗೆನ್, ಬ್ರಿಟನ್, ಅಮೆರಿಕ ಅಥವಾ ಐರ್ಲೆಂಡ್‌ನ ವೀಸಾ ಇಲ್ಲವೇ ರೆಸಿಡೆನ್ಸ್ ಪರ್ಮಿಟ್ ಇದ್ದವರಿಗೆ ಇ-ವೀಸಾ ಸಿಗುತ್ತದೆ. 30 ದಿನದ್ದು, ಒಂದೇ ಎಂಟ್ರಿ. ನಿಮ್ಮ ಮೂವರಿಗೂ ಜರ್ಮನ್ ರೆಸಿಡೆನ್ಸ್ ಕಾರ್ಡ್ ಸಾಕು. ಟರ್ಕಿ ಸರ್ಕಾರದ ಅಧಿಕೃತ ಇ-ವೀಸಾ ಸೈಟ್‌ನಲ್ಲೇ ಅರ್ಜಿ ಹಾಕಿ. ಅದೇ ಥರ ಕಾಣುವ ಬೇರೆ ಸೈಟ್‌ಗಳು ಸುಮ್ನೆ ಜಾಸ್ತಿ ದುಡ್ಡು ಕೀಳುತ್ತವೆ. ನಿಯಮ ಬದಲಾಗುತ್ತಿರುತ್ತದೆ, ಹಾಗಾಗಿ ಹೊರಡುವ ಮುಂಚೆ ಅಲ್ಲೇ ಇನ್ನೊಮ್ಮೆ ನೋಡಿಕೊಳ್ಳಿ.

ಇನ್ನು ಪಾಮುಕ್ಕಲೆ, ಎಫೆಸಸ್. ಎರಡೂ ಬಿಡಿ. ಯಜಮಾನರಿಗೆ ನನ್ನ ಹೆಸರಲ್ಲೇ ಹೇಳಿ. ಫೆತಿಯೆಯಿಂದ ಪಾಮುಕ್ಕಲೆಗೆ ಹೋಗೋಕೆ ಸುಮಾರು ಮೂರು ಗಂಟೆ, ಬರೋಕೆ ಅಷ್ಟೇ. ಎಫೆಸಸ್ ಅದಕ್ಕಿಂತ ದೂರ. ಐದು ದಿನದಲ್ಲಿ ಬಂದ ದಿನ, ಹೊರಡುವ ದಿನ ಅರ್ಧರ್ಧ ಹೋಗುತ್ತದೆ. ಉಳಿದದ್ದರಲ್ಲಿ ಎರಡು ದಿನ ಬಸ್ಸಿನಲ್ಲಿ ಕೂತರೆ ಸಮುದ್ರ ನೋಡೋದು ಯಾವಾಗ? ಮಂಡಿನೋವಿನ ಅಮ್ಮ, ಏಳು ವರ್ಷದ ಮಗು ಇಬ್ಬರಿಗೂ ಅದು ಶಿಕ್ಷೆ. ಫೆತಿಯೆ ದಾರಿಯಲ್ಲಿ ಸಿಗುವ ಊರಲ್ಲ, ಅದಕ್ಕೇ ಅಂತ ಬರಬೇಕಾದ ಊರು.

ಎಲ್ಲಿ ಉಳಿಯುತ್ತೀರಿ ಅನ್ನೋದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ. ಇಂಟರ್ನೆಟ್‌ನಲ್ಲಿ ಕಾಣುವ ಆ ನೀಲಿ ಖಾರಿಯ (ನೆಲದೊಳಗೆ ಚಾಚಿದ ಸಮುದ್ರದ ನೀರು, ಲಗೂನ್) ಫೋಟೋ ಫೆತಿಯೆ ಪಟ್ಟಣದ್ದಲ್ಲ. ಅದು ಒಲುದೆನಿಜ್, ಸುಮಾರು 15 ಕಿ.ಮೀ. ದೂರ, ಬೆಟ್ಟ ಹತ್ತಿ ಇಳಿದರೆ ಆ ಕಡೆ. ಅಲ್ಲಿ ಉಳಿದರೆ ಬೀಚ್ ಹತ್ತಿರ, ಆದರೆ ಸಂಜೆ ಸುತ್ತಾಡೋಕೆ ಪಟ್ಟಣ ಇಲ್ಲ. ಹಿಸಾರೊನು ಅಂತ ಇನ್ನೊಂದು ಜಾಗ, ಪೂರ್ತಿ ಬ್ರಿಟಿಷ್ ಪ್ರವಾಸಿಗರ ಪಬ್ ಬೀದಿ. ನಿಮ್ಮ ಕುಟುಂಬಕ್ಕೆ ಬೇಡ. ಫೆತಿಯೆ ಪಟ್ಟಣದ ಪಕ್ಕದ ಚಾಲಿಶ್ ಸಮತಟ್ಟು, ಕಡಲಂಚಿಗೇ ಉದ್ದಕ್ಕೆ ನಡೆಯುವ ದಾರಿ ಇದೆ, ಬೆಂಚುಗಳಿವೆ, ಸೂರ್ಯ ಮುಳುಗುವುದು ಎದುರಿಗೇ ಕಾಣುತ್ತದೆ. ಪಟ್ಟಣಕ್ಕೆ ಹೋಗಿ ಬರಲು ಸೀಸನ್‌ನಲ್ಲಿ ವಾಟರ್ ಟ್ಯಾಕ್ಸಿ ದೋಣಿ ಸಿಗುತ್ತದೆ. ಅಮ್ಮನನ್ನು ನೆನೆದು ನಾನು ಚಾಲಿಶ್ ಅಂತಲೇ ಹೇಳುತ್ತೇನೆ. ಲಿಫ್ಟ್ ಇದೆಯಾ, ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತ ಕೇಳಿಯೇ ಬುಕ್ ಮಾಡಿ. ಆ ಕಡೆ ಮೂರು ಮಹಡಿಯ ಹೋಟೆಲುಗಳಲ್ಲೂ ಲಿಫ್ಟ್ ಇಲ್ಲದ್ದಿವೆ.

ವಿಮಾನ ದಾಲಾಮಾನ್‌ಗೆ ಇಳಿಯುವುದು. ಅಲ್ಲಿಂದ ಫೆತಿಯೆ ಒಂದು ಗಂಟೆಯೊಳಗಿನ ದಾರಿ. ಬಸ್ ಇದೆ, ಆದರೆ ಐದು ಜನ, ಪೆಟ್ಟಿಗೆಗಳು ಇರುವಾಗ ಮೊದಲೇ ವ್ಯಾನ್ ಹೇಳಿಡುವುದು ವಾಸಿ.

ಪ್ರಶ್ನೆ (ಅವರೇ):
ವೀಸಾ ನೋಡಿದೆ, 'ಮಲ್ಟ್' ಇದೆ! ಜೀವ ಬಂತು. ಅಕ್ಟೋಬರ್‌ನಲ್ಲಿ ನೀರು ತಣ್ಣಗಿರಲ್ವಾ? ಮಗಳಿಗೆ ಈಜು ಈಗಷ್ಟೇ ಬರುತ್ತಿದೆ.

ಉತ್ತರ:
ಅಕ್ಟೋಬರ್ ಮೊದಲರ್ಧ ಒಳ್ಳೇ ಸಮಯ. ಬೇಸಿಗೆಯೆಲ್ಲ ಕಾದ ಸಮುದ್ರ ಅಷ್ಟು ಬೇಗ ಆರುವುದಿಲ್ಲ, ಮೇ ತಿಂಗಳಿಗಿಂತ ಆಗಲೇ ನೀರು ಬೆಚ್ಚಗಿರುತ್ತದೆ. ಜುಲೈ-ಆಗಸ್ಟ್ ಬಿಸಿಲು ಹಿರಿಯರಿಗೆ ಆಗುವಂಥದ್ದಲ್ಲ. ಸಂಜೆಗೆ ಒಂದು ತೆಳು ಸ್ವೆಟರ್ ಇರಲಿ. ತಿಂಗಳ ಕೊನೆಗೆ ಮಳೆ ಶುರುವಾಗಬಹುದು, ದೋಣಿಗಳೂ ಕಡಿಮೆಯಾಗುತ್ತಾ ಬರುತ್ತವೆ.

ಒಲುದೆನಿಜ್‌ನಲ್ಲಿ ಎರಡು ಬೀಚ್ ಇವೆ, ಇದನ್ನು ಗಮನವಿಟ್ಟು ಓದಿ. ಡೋಲ್ಮುಶ್ (ಅಲ್ಲಿನ ಮಿನಿಬಸ್) ಇಳಿದ ಕೂಡಲೇ ಕಾಣುವುದು ದೊಡ್ಡ ಬೀಚ್, ದುಡ್ಡು ಕೊಡಬೇಕಿಲ್ಲ. ಅಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ನೀರು ದೊಡ್ಡವರ ಎದೆಮಟ್ಟ. ಈಜು ಕಲಿಯುತ್ತಿರುವ ಮಗುವನ್ನು ಅಲ್ಲಿ ಬಿಡಬೇಡಿ. ಪಕ್ಕದ ಖಾರಿ ನೇಚರ್ ಪಾರ್ಕ್ ಒಳಗಿದೆ, ಟಿಕೆಟ್ ಇದೆ. ಅಲ್ಲಿ ಅಲೆಯೇ ಇಲ್ಲ, ಅಂಚಿನಲ್ಲಿ ಆಳ ಕಡಿಮೆ. ಮಗಳಿಗೆ ಅದೇ ಸರಿ. ಎರಡೂ ಕಡೆ ಕಾಲಿಗೆ ಸಿಗುವುದು ಬೆಣಚುಕಲ್ಲು, ನಮ್ಮ ಮಲ್ಪೆಯ ಮರಳು ಅಲ್ಲ. ಎಲ್ಲರಿಗೂ ನೀರಲ್ಲಿ ಹಾಕುವ ರಬ್ಬರ್ ಚಪ್ಪಲಿ ತಗೊಳ್ಳಿ, ಅಮ್ಮನಿಗೆ ತಪ್ಪದೇ.

ಪ್ರಶ್ನೆ (ಅವರೇ, ಅಪ್ಪನ ಪರವಾಗಿ):
ಅಪ್ಪ ಕೇಳುತ್ತಿದ್ದಾರೆ, ಐದು ದಿನ ಬ್ರೆಡ್ಡು-ಹಣ್ಣು ತಿಂದುಕೊಂಡು ಇರಬೇಕಾ ಅಂತ. ಎಂಟಿಆರ್ ಪ್ಯಾಕೆಟ್ ಹೊರೋಣವೇ?

ಉತ್ತರ:
ಎರಡು ಪ್ಯಾಕೆಟ್ ಧೈರ್ಯಕ್ಕೆ ಇರಲಿ. ಆದರೆ ಅಪ್ಪ ಅಲ್ಲಿ ಚೆನ್ನಾಗಿ ಊಟ ಮಾಡುತ್ತಾರೆ, ನಾನು ಹೇಳುತ್ತೇನೆ ನೋಡಿ.

ಸಮುದ್ರದ ಪಕ್ಕದ ರೆಸ್ಟೋರೆಂಟ್ ಬಿಟ್ಟು ಒಳಬೀದಿಯ ಲೋಕಾಂತಾ ಹುಡುಕಿ. ಅಲ್ಲಿ ಬೆಳಗ್ಗೆ ಮಾಡಿದ ಅಡುಗೆ ಗಾಜಿನ ಹಿಂದೆ ಸಾಲಾಗಿ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಹುರುಳಿಕಾಯಿ, ಈರುಳ್ಳಿ-ಟೊಮೆಟೊ ತುಂಬಿದ ಬದನೆಕಾಯಿ, ಬೆಣ್ಣೆ ಹಾಕಿದ ಅನ್ನ, ಮೊಸರು, ಆಯ್ರಾನ್ ಅನ್ನುವ ಉಪ್ಪು ಮಜ್ಜಿಗೆ. ಬೇಳೆ ಸೂಪ್ ಎಲ್ಲ ಕಡೆ ಸಿಗುತ್ತದೆ, ಆದರೆ ಕೆಲವರು ಅದನ್ನು ಮಾಂಸದ ನೀರಲ್ಲಿ ಬೇಯಿಸುತ್ತಾರೆ. 'ಎತ್ ಸುಯು ವಾರ್ ಮಿ' ಅಂತ ಕೇಳಿ, ಮಾಂಸದ ನೀರು ಇದೆಯಾ ಅಂತ ಅರ್ಥ. ಅನ್ನಕ್ಕೂ ಇದೇ ಪ್ರಶ್ನೆ ಕೇಳಿ. 'ಮಾಂಸ ಬೇಡ' ಅಂತಷ್ಟೇ ಹೇಳಿದರೆ ಕೋಳಿ ತಂದಿಡುವವರೂ ಇದ್ದಾರೆ, ಕೋಳಿಯೂ ಬೇಡ, ಮೀನೂ ಬೇಡ ಅಂತ ಬಿಡಿಸಿ ಹೇಳಬೇಕು.

ಹತ್ತಿರದ ಹಳೇ ಊರು ಕಾಯಾಕೊಯ್‌ಗೆ ಹೋದ ದಿನ ಗೋಜ್ಲೆಮೆ ಅನ್ನುವ ಹೂರಣ ತುಂಬಿದ ತೆಳು ರೊಟ್ಟಿ ತಿನ್ನಿಸಿ. ಅಲ್ಲಿನ ಹೆಂಗಸರು ತಗ್ಗಿನ ದುಂಡು ಮಣೆ ಮುಂದೆ ನೆಲದ ಮೇಲೇ ಕೂತು, ಬೆರಳು ಗಾತ್ರದ ಉದ್ದ ಕೋಲಿನಲ್ಲಿ ಹಿಟ್ಟು ಲಟ್ಟಿಸುತ್ತಾರೆ. ಹಾಳೆ ಎಷ್ಟು ತೆಳುವೆಂದರೆ ಕೆಳಗಿನ ಮಣೆ ಕಾಣುತ್ತದೆ. ಅದರ ಮೇಲೆ ಹೆಚ್ಚಿದ ಪಾಲಕ್, ಪುಡಿ ಮಾಡಿದ ಚೀಸ್ ಉದುರಿಸಿ, ನಾಲ್ಕು ಕಡೆಯಿಂದ ಮಡಚಿ, ಉಬ್ಬಿದ ಕಬ್ಬಿಣದ ಕಾವಲಿಗೆ ಹಾಕುತ್ತಾರೆ. ಚಪ್ಪಟೆ ಕಡ್ಡಿಯಲ್ಲಿ ಒಂದು ಸಲ ಮಗುಚಿ, ಬೆಣ್ಣೆ ಸವರಿ, ಬಿಸಿಬಿಸಿ ಕೊಡುತ್ತಾರೆ. ಆಲೂಗಡ್ಡೆ ತುಂಬಿದ್ದೂ ಸಿಗುತ್ತದೆ. ಖಾರ ಕಡಿಮೆ, ಅಪ್ಪನಿಗೆ ಜೇಬಲ್ಲಿ ಒಂದು ಉಪ್ಪಿನಕಾಯಿ ಪೊಟ್ಟಣ ಇರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಬೆಂಗಳೂರು):
ಮಧ್ಯೆ ಬಂದೆ, ಕ್ಷಮಿಸಿ. ನಾನೂ ನನ್ನ ಹೆಂಡತಿಯೂ ಇಸ್ತಾಂಬುಲ್ ಮುಗಿಸಿ ನಾಲ್ಕು ದಿನ ಫೆತಿಯೆಗೆ ಹೋಗುತ್ತಿದ್ದೇವೆ. ಅಮೆರಿಕದ ವೀಸಾ ಇದೆ. ಪ್ಯಾರಾಗ್ಲೈಡಿಂಗ್ ಮಾಡಲೇಬೇಕು. ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೇವೆ, ಸರಿನಾ?

ಉತ್ತರ:
ಕೊನೆಯ ದಿನ ಬೇಡ ಸರ್. ಮೊದಲ ಪೂರ್ತಿ ದಿನಕ್ಕೆ ಇಟ್ಟುಕೊಳ್ಳಿ. ಬಾಬಾದಾ ಬೆಟ್ಟ 1,969 ಮೀಟರ್ ಎತ್ತರ, ನೇರ ಸಮುದ್ರದ ಪಕ್ಕದಲ್ಲೇ ಎದ್ದು ನಿಂತಿದೆ. ಅದಕ್ಕೇ ಅಲ್ಲಿ ಹಾರುವುದು ಅಷ್ಟು ಪ್ರಸಿದ್ಧ. ಕೆಳಗೆ ಬೀಚ್‌ನಲ್ಲಿ ಗಾಳಿ ಇಲ್ಲದಿದ್ದರೂ ಮೇಲೆ ಜೋರಾಗಿರಬಹುದು, ಮೋಡ ಮುಚ್ಚಿರಬಹುದು. ಆಗ ಹಾರಿಸುವುದಿಲ್ಲ. ಮೊದಲ ದಿನ ತಪ್ಪಿದರೆ ನಿಮಗೆ ಇನ್ನೂ ಎರಡು ದಿನ ಕೈಯಲ್ಲಿರುತ್ತದೆ.

ಹಾರುವ ಜಾಗಗಳು 1,200ರಿಂದ 1,900 ಮೀಟರ್‌ವರೆಗೆ ಬೇರೆ ಬೇರೆ ಎತ್ತರದಲ್ಲಿವೆ. ಎಲ್ಲಿಂದ ಅನ್ನೋದನ್ನು ಆ ದಿನದ ಗಾಳಿ ನೋಡಿ ಪೈಲಟ್ ಹೇಳುತ್ತಾರೆ, ಅವರ ಮಾತು ಕೇಳಿ. ಎತ್ತರದಿಂದ ಹೊರಟರೆ ಸುಮಾರು ಅರ್ಧ ಗಂಟೆ ಗಾಳಿಯಲ್ಲಿರುತ್ತೀರಿ. ಬುಕ್ ಮಾಡುವಾಗ ಪೈಲಟ್ ಲೈಸೆನ್ಸ್, ಇನ್ಶೂರೆನ್ಸ್, ತೂಕದ ಮಿತಿ ಇಷ್ಟನ್ನು ಕೇಳಿ. ಫೋಟೋ-ವಿಡಿಯೋಗೆ ಬೇರೆ ದುಡ್ಡು, ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಬೀದಿಯಲ್ಲಿ ಕೈ ಹಿಡಿದು ಕರೆಯುವವರು ಕಡಿಮೆ ರೇಟ್ ಹೇಳಿದರೆಂದು ಹೋಗಬೇಡಿ.

ನಿಮ್ಮ ಹೆಂಡತಿಗೆ ಹಾರಲು ಇಷ್ಟವಿಲ್ಲದಿದ್ದರೆ ಬಲವಂತ ಬೇಡ, ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಮೇಲೆ ಕಾಫಿ ಕುಡಿಯುತ್ತಾ ಖಾರಿಯನ್ನು ಪೂರ್ತಿ ನೋಡಬಹುದು. (ಫ್ರಾಂಕ್‌ಫರ್ಟ್‌ನವರೇ, ಇದು ಅಮ್ಮನಿಗೂ ಆಗುತ್ತದೆ.)

ಇನ್ನೊಂದು ಮಾತು. ಇಸ್ತಾಂಬುಲ್‌ನಲ್ಲಿ ಎರಡು ವಿಮಾನ ನಿಲ್ದಾಣ, ಒಂದು ಯುರೋಪ್ ಕಡೆ, ಇನ್ನೊಂದು ಏಷ್ಯಾ ಕಡೆ. ದಾಲಾಮಾನ್ ವಿಮಾನ ಎರಡರಿಂದಲೂ ಹೊರಡುತ್ತದೆ. ನಿಮ್ಮ ಹೋಟೆಲ್ ಯಾವ ಕಡೆ ಇದೆಯೋ ನೋಡಿ ಟಿಕೆಟ್ ತಗೊಳ್ಳಿ.

ಪ್ರಶ್ನೆ (ಫ್ರಾಂಕ್‌ಫರ್ಟ್‌):
ನೀವು ಕಾಯಾಕೊಯ್ ಅಂದಿರಿ. ಅದು ಹಾಳುಬಿದ್ದ ಊರು ಅಂತ ಓದಿದೆ. ಮಗು, ಹಿರಿಯರನ್ನು ಕರ್ಕೊಂಡು ಅಲ್ಲಿ ನೋಡೋದೇನು?

ಉತ್ತರ:
ಐದು ದಿನದಲ್ಲಿ ಒಂದೇ ಜಾಗ ನೋಡಿ ಅಂದರೆ ನಾನು ಅದನ್ನೇ ಹೇಳುತ್ತೇನೆ. ಇಡೀ ಗುಡ್ಡದ ಇಳಿಜಾರಿಗೆ ನೂರಾರು ಕಲ್ಲಿನ ಮನೆಗಳು, ಒಂದಕ್ಕೂ ಚಾವಣಿ ಇಲ್ಲ. ಹಿಂದೆ ಅದರ ಹೆಸರು ಲೆವಿಸ್ಸಿ. ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರು ಬಾಳಿದ ಊರು. 1923ರಲ್ಲಿ ಟರ್ಕಿ, ಗ್ರೀಸ್ ಎರಡೂ ಸೇರಿ ಜನರನ್ನೇ ಅದಲು-ಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಬಂದವು. ಲೆಕ್ಕ ಹಿಡಿದದ್ದು ಧರ್ಮವನ್ನು. ಇಲ್ಲಿನ ಕ್ರೈಸ್ತರು ಗ್ರೀಸ್‌ಗೆ, ಅಲ್ಲಿನ ಮುಸ್ಲಿಮರು ಟರ್ಕಿಗೆ. ಇಲ್ಲಿಂದ, ಫೆತಿಯೆಯಿಂದ ಹೋದವರಲ್ಲಿ ಕೆಲವರು ಅಥೆನ್ಸ್ ಹತ್ತಿರ ನೆಯಾ ಮಾಕ್ರಿ ಅಂತ ಊರು ಕಟ್ಟಿಕೊಂಡರು. ಮಾಕ್ರಿ ಅನ್ನುವುದು ಫೆತಿಯೆಯ ಹಳೆಯ ಹೆಸರು. ಗ್ರೀಸ್‌ನಿಂದ ಬಂದ ಮುಸ್ಲಿಮರಲ್ಲಿ ಹೆಚ್ಚಿನವರು ಈ ಗುಡ್ಡದಲ್ಲಿ ನಿಲ್ಲಲಿಲ್ಲ. ಮನೆಗಳು ಖಾಲಿ ಉಳಿದವು. 1957ರ ಭೂಕಂಪ ಇನ್ನಷ್ಟು ಕೆಡವಿತು.

ಒಳಗೆ ಹೋದರೆ ಗೋಡೆಯಲ್ಲಿ ಒಲೆಯ ಗೂಡು ಇನ್ನೂ ಇದೆ. ಕೆಲವು ಕಡೆ ಸುಣ್ಣದ ನೀಲಿ ಬಣ್ಣ ಹಾಗೇ ಉಳಿದಿದೆ. ಮನೆಯ ನಡುವೆ ಅಂಜೂರದ ಮರ ಬೆಳೆದಿದೆ. ಅಪ್ಪ ಇತಿಹಾಸ ಓದುವವರಾದರೆ ಅವರಿಗೆ ಅರ್ಧ ದಿನ ಸಾಲುವುದಿಲ್ಲ. ದಾರಿ ಮಾತ್ರ ಏರು-ತಗ್ಗು, ಕಲ್ಲು ಸವೆದು ಜಾರುತ್ತದೆ. ಅಮ್ಮನಿಗೆ ಕೆಳಗಿನ ಬೀದಿವರೆಗೆ ಸಾಕು, ಆಮೇಲೆ ಗೋಜ್ಲೆಮೆ ಮಾಡುವ ಕಡೆ ನೆರಳಲ್ಲಿ ಕೂರಲಿ. ಬೆಳಗ್ಗೆ ಬೇಗ ಹೋಗಿ.

ಫೆತಿಯೆ ಪಟ್ಟಣದೊಳಗೆ ಹಳೇ ಮನೆ ಕಡಿಮೆ ಕಾಣಲು ಕಾರಣವೂ ಅದೇ ಭೂಕಂಪ. ಉಳಿದದ್ದು ಈ ಸೀಮೆಯ ಪ್ರಾಚೀನ ಜನ ಲಿಸಿಯನ್ನರು ಬಂಡೆಯಲ್ಲಿ ಕೊರೆದ ಸಮಾಧಿಗಳು. ಊರಿನ ಮೇಲಿನ ಬಂಡೆಯಲ್ಲಿ ಕಂಬಗಳ ದೇವಸ್ಥಾನದಂತೆ ಕಾಣುವುದು ಅಮಿಂಟಾಸ್ ಎಂಬವನ ಸಮಾಧಿ, ಕ್ರಿ.ಪೂ. 4ನೇ ಶತಮಾನದ್ದು. ಮೆಟ್ಟಿಲು ತುಂಬ ಇದೆ. ಅಮ್ಮ ಕೆಳಗಿನಿಂದಲೇ ನೋಡಿದರೂ ಚೆನ್ನಾಗಿ ಕಾಣುತ್ತದೆ. ಮಂಗಳವಾರ ಸಿಕ್ಕರೆ ಸಂತೆ ಬಿಡಬೇಡಿ, ಅಂಜೂರ, ದಾಳಿಂಬೆ, ಆಲಿವ್ ರಾಶಿ ರಾಶಿ.

ಪ್ರಶ್ನೆ (ಬೆಂಗಳೂರು):
ದುಡ್ಡು ಹೇಗೆ ಒಯ್ಯೋದು?

ಉತ್ತರ:
ಯೂರೋ ನೋಟು ಸ್ವಲ್ಪ, ಕಾರ್ಡ್ ಎರಡು. ಟರ್ಕಿಯ ಲಿರಾ ಅಲ್ಲೇ ಬದಲಿಸಿ, ವಿಮಾನ ನಿಲ್ದಾಣದಲ್ಲಿ ದಾರಿಖರ್ಚಿಗೆ ಬೇಕಾದಷ್ಟೇ. ಬೆಲೆಗಳು ಬೇಗ ಏರುತ್ತಿವೆ, ಹೋದ ವರ್ಷದ ಬ್ಲಾಗ್ ನೋಡಿ ಬಜೆಟ್ ಹಾಕಬೇಡಿ. ಡೋಲ್ಮುಶ್‌ಗೆ ಚಿಲ್ಲರೆ ಇರಲಿ. ಮೀನು ತಿನ್ನುವವರಾದರೆ ಫೆತಿಯೆ ಮೀನು ಮಾರ್ಕೆಟ್‌ಗೆ ಹೋಗಿ. ನಡುವಿನ ಅಂಗಡಿಯಲ್ಲಿ ಮೀನು ತೂಗಿಸಿ ಕೊಂಡರೆ, ಸುತ್ತಲಿನ ಹೋಟೆಲಿನವರು ಬೇಯಿಸಿ ಕೊಡುತ್ತಾರೆ. ಮೀನಿನ ರೇಟು, ಬೇಯಿಸುವ ರೇಟು ಎರಡನ್ನೂ ಕೂರುವ ಮುಂಚೆಯೇ ಕೇಳಿ.

ಪ್ರಶ್ನೆ (ಫ್ರಾಂಕ್‌ಫರ್ಟ್‌):
ಯಜಮಾನರು ಪಾಮುಕ್ಕಲೆ ಬಿಟ್ಟರು ಮೇಡಂ, ಈಗ ಫೆತಿಯೆಯಿಂದ ಗ್ರೀಸ್‌ನ ರೋಡ್ಸ್ ದ್ವೀಪಕ್ಕೆ ಫೆರ್ರಿ ಇದೆ, ಬೆಳಗ್ಗೆ ಹೋಗಿ ಸಂಜೆ ಬರೋಣ ಅಂತಿದ್ದಾರೆ. ಗ್ರೀಸ್‌ಗೆ ನಮ್ಮ ಕಾರ್ಡ್ ಸಾಕಲ್ವಾ?

ಉತ್ತರ:
ಹೋಗೋಕೆ ಸಾಕು, ಬರೋಕೆ ಸಾಲದು. ನಿಮ್ಮ ಟರ್ಕಿ ಇ-ವೀಸಾ ಒಂದೇ ಎಂಟ್ರಿಯದು. ರೋಡ್ಸ್‌ಗೆ ಕಾಲಿಟ್ಟ ಮೇಲೆ ಅದು ಮುಗಿಯಿತು. ಸಂಜೆ ಫೆತಿಯೆ ಬಂದರಿನಲ್ಲಿ ಹೊಸ ವೀಸಾ ಕೇಳುತ್ತಾರೆ. ಆ ಯೋಚನೆ ಕೈಬಿಡಿ.

ಅದರ ಬದಲು ಆ ದಿನ ಫೆತಿಯೆ ಬಂದರಿನಿಂದ ಹನ್ನೆರಡು ದ್ವೀಪಗಳ ದೋಣಿಗೆ ಹೋಗಿ. ಬೆಳಗ್ಗೆ ಹೊರಟು ಸಂಜೆಗೆ ವಾಪಸ್. ನಾಲ್ಕೈದು ಕಡೆ ನಿಲ್ಲಿಸುತ್ತಾರೆ, ಬೇಕಾದವರು ನೀರಿಗೆ ಇಳಿಯುತ್ತಾರೆ, ಬೇಡದವರು ಮೇಲೆ ಮೆತ್ತೆಯ ಮೇಲೆ ಒರಗಿಕೊಂಡಿರಬಹುದು. ಅಮ್ಮನಿಗೆ ಇಡೀ ರಜೆಯಲ್ಲಿ ಇದಕ್ಕಿಂತ ಆರಾಮದ ದಿನ ಸಿಗಲಾರದು. ಹಿಂದಿನ ಸಂಜೆ ಬಂದರಿಗೆ ಹೋಗಿ ದೋಣಿಯನ್ನು ಕಣ್ಣಾರೆ ನೋಡಿ ಆರಿಸಿ. ದೊಡ್ಡ ಸ್ಪೀಕರ್ ಕಟ್ಟಿರುವುದು, ನೀರಿಗೆ ಜಾರುಬಂಡಿ ಇರುವುದು ಪಾರ್ಟಿ ದೋಣಿಗಳು. ಚಿಕ್ಕ ಮರದ ದೋಣಿ ತಗೊಳ್ಳಿ. ಹತ್ತುವ ಹಲಗೆಗೆ ಹಿಡಿಕೆ ಇದೆಯಾ, ಶೌಚಾಲಯಕ್ಕೆ ಎಷ್ಟು ಮೆಟ್ಟಿಲು ಇಳಿಯಬೇಕು, ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ, ಇಷ್ಟು ನೋಡಿ. ಊಟ ಟಿಕೆಟ್‌ನಲ್ಲೇ ಸೇರಿರುತ್ತದೆ, ಸಾಮಾನ್ಯವಾಗಿ ಕೋಳಿ ಅಥವಾ ಮೀನು. ಇಬ್ಬರಿಗೆ ಮಾಂಸವಿಲ್ಲದ ಊಟ ಅಂತ ಹಿಂದಿನ ದಿನವೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕುಡಿಯುವುದಕ್ಕೆ ಬೇರೆ ದುಡ್ಡು.