ಕಿಡ್ನಿ ಕಲ್ಲಿನ ಪೋಸ್ಟರ್‌ಗೆ ಪದ ಬೇಕು: ಅಡಿಟಿವ್, ಇನ್‌ಹಿಬಿಟರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ಆಸ್ಪತ್ರೆಯ ಗೋಡೆಗೆ ಹಾಕುವ ಪೋಸ್ಟರ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ. ವಿಷಯ ಇಷ್ಟು: ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್ ಜಾಸ್ತಿಯಾದರೆ ಎರಡೂ ಕೂಡಿ ಕ್ರಿಸ್ಟಲ್ ಆಗುತ್ತವೆ. ಸಿಟ್ರೇಟ್, ಮೆಗ್ನೀಸಿಯಂ, ಕೆಲವು ಪ್ರೋಟೀನ್‌ಗಳು ಅದನ್ನು ತಡೆಯುತ್ತವೆ. ಇಂಗ್ಲಿಷ್ ಮೂಲದಲ್ಲಿ ಇವನ್ನೇ ಒಂದು ಕಡೆ ‘ಅಡಿಟಿವ್’ (ಸೇರಿಸಿದ ವಸ್ತು), ಇನ್ನೊಂದು ಕಡೆ ‘ಇನ್‌ಹಿಬಿಟರ್’ (ತಡೆಯುವ ವಸ್ತು) ಅಂದಿದ್ದಾರೆ. ನನ್ನ ಕೈಗೆ ಬಂದ ಕರಡಿನಲ್ಲಿ ‘ಸ್ಫಟಿಕೀಕರಣ ಪ್ರತಿಬಂಧಕ ಸಂಯೋಜನಕಾರಿ’ ಅಂತಿದೆ. ನೋವು ತಿನ್ನುತ್ತಾ ಬೆಂಚಿನ ಮೇಲೆ ಕೂತವರು ಇದನ್ನು ಓದಲಾರರು. ಏನು ಬರೆಯಲಿ?

* * *

ಸ್ಫಟಿಕ ಬಿಡಿ, ಹರಳು ಇದೆ. ಹಳಗನ್ನಡದ ಪರಲ್. ಪಾಲ್ ಹಾಲಾದಂತೆ ಪರಲ್ ಹರಳಾಯಿತು. ತಮಿಳಿನಲ್ಲಿ ಇವತ್ತಿಗೂ ಪರಲ್. ಇನ್‌ಹಿಬಿಟರ್‌ಗೆ ‘ತಡೆಕ’, ಅಡಿಟಿವ್‌ಗೆ ‘ಸೇರಿಕೆ’. ಕನ್ನಡದ ಬೇರು ಕೈಯಲ್ಲಿರುವಾಗ ಸಂಸ್ಕೃತದ ಮನೆ ಬಾಗಿಲು ತಟ್ಟಬೇಕಿಲ್ಲ.

* * *

> ‘ತಡೆಕ’

ಒಪ್ಪಲಾರೆ. ಈ -ಕ ಎಲ್ಲಿ ಬರುತ್ತದೆ ನೋಡಿ: ಕುಡುಕ, ತಿರುಕ. ಎರಡೂ ಮನುಷ್ಯರಿಗೆ, ಅದೂ ಹೀಗಳೆಯುವಾಗ. ಒಳ್ಳೆಯದು ಮಾಡುವ ಸಿಟ್ರೇಟಿಗೆ ಆ ಪ್ರತ್ಯಯ ಯಾಕೆ? ‘ನಿರೋಧಕ’ ಎನ್ನಿ. ರೋಗನಿರೋಧಕ ಎಲ್ಲರಿಗೂ ಗೊತ್ತು. ಇನ್ನು ಹರಳು. ಪತ್ರಿಕೆಗಳಲ್ಲಿ ‘ಮೂತ್ರಪಿಂಡದ ಹರಳು’ ಅಂದರೆ ಇಡೀ ಕಲ್ಲು. ಕ್ರಿಸ್ಟಲ್‌ಗೂ ಅದನ್ನೇ ಇಟ್ಟರೆ ಓದುವವರ ಗತಿ ಏನು? ಕಲ್ಲಿಗೆ ‘ಅಶ್ಮರಿ’ ಇದೆ, ಸುಶ್ರುತ ಸಂಹಿತೆಯಿಂದ ಬಂದದ್ದು.

* * *

ಅಶ್ಮರಿ ಬೇಡ. ಆಯುರ್ವೇದ ಓದಿದವರ ಆಚೆ ಅದು ಯಾರ ಬಾಯಲ್ಲೂ ಇಲ್ಲ. ನಮ್ಮ ಧಾರವಾಡದ ಕಡೆ ‘ಕಿಡ್ನ್ಯಾಗ ಹಳ್ಳು ಆಗ್ಯಾವ’ ಅಂತಾರೆ. ಹಳ್ಳು ಅಂದರೆ ಹರಳೇ. ಪರಲ್ ಅಲ್ಲಿಯವರೆಗೂ ಬಂದಿದೆ.

* * *

ನಾನು ರಸಾಯನಶಾಸ್ತ್ರ ಪಾಠ ಮಾಡುವವಳು. ಪ್ರತ್ಯಯದ ಜಗಳಕ್ಕೆ ಮೊದಲು ಈ ವಸ್ತುಗಳು ಏನು ಮಾಡುತ್ತವೆ ಅಂತ ನೋಡೋಣ.

ಸಿಟ್ರೇಟ್ ಮೂತ್ರದಲ್ಲೇ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಗ ಆಕ್ಸಲೇಟಿಗೆ ಸಿಗುವ ಪಾಲು ಕಡಿಮೆ. ಹರಳು ಹುಟ್ಟಿದ ಮೇಲೂ ಸುಮ್ನಿರುವುದಿಲ್ಲ, ಅದರ ಮೈಗೆ ಅಂಟುತ್ತದೆ. ಹರಳು ಬೆಳೆಯುವುದು ಗೋಡೆಗೆ ಇಟ್ಟಿಗೆಯ ವರಸೆ ಇಟ್ಟ ಹಾಗೆ. ವರಸೆಯ ತುದಿಯಲ್ಲಿ ಸಿಟ್ರೇಟ್ ಕೂತುಬಿಟ್ಟರೆ ಮುಂದೆ ಬರುವ ಕ್ಯಾಲ್ಸಿಯಂ, ಆಕ್ಸಲೇಟ್ ಕಣಕ್ಕೆ ಜಾಗವಿಲ್ಲ. ಮೆಗ್ನೀಸಿಯಂ ದಾರಿ ಬೇರೆ, ಅದು ಹಿಡಿಯುವುದು ಆಕ್ಸಲೇಟನ್ನು. ಸಿಟ್ರೇಟನ್ನೇ ಹೋಲುವ ಹೈಡ್ರಾಕ್ಸಿಸಿಟ್ರೇಟ್ ಅಂತ ಒಂದಿದೆ, ಅದರ ದಾರಿ ಇನ್ನೂ ಬೇರೆ. 2016ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ ಹರಳಿನ ಮೈಯನ್ನು ತೀರಾ ಸೂಕ್ಷ್ಮವಾಗಿ ತೋರಿಸುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಹರಳು ಬೆಳೆಯಬೇಕಾದ ದ್ರಾವಣದಲ್ಲೇ ಕರಗುತ್ತಿತ್ತು. ಮಲೆನಾಡಿನ ಉಪ್ಪಾಗೆ ಹಣ್ಣಿನಲ್ಲಿ ಇರುವುದು ಇದರದೇ ಆಮ್ಲ. ಹಾಗಂತ ಪೋಸ್ಟರಿನಲ್ಲಿ ಉಪ್ಪಾಗೆ ಕುಡಿಯಿರಿ ಅಂತ ಬರೆಯಬೇಡಿ, ಅದು ಪ್ರಯೋಗಶಾಲೆಯ ಮಾತು.

ಕಿಡ್ನಿಯಲ್ಲೇ ತಯಾರಾಗಿ ಮೂತ್ರಕ್ಕೆ ಬರುವ ಟ್ಯಾಮ್-ಹಾರ್ಸ್‌ಫಾಲ್ ಪ್ರೋಟೀನ್ ಅಂತೂ ಎರಡೂ ಕಡೆ ಇದೆ. ಬಿಡಿಬಿಡಿಯಾಗಿದ್ದಾಗ ಹರಳುಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ತಾನೇ ಗಂಟುಕಟ್ಟಿದರೆ ಅಂಟಿಸುತ್ತದೆ. ಅದಕ್ಕೆ ತಡೆಕ ಅಂತಲೋ ನಿರೋಧಕ ಅಂತಲೋ ಕಾಯಂ ಹೆಸರು ಹೇಗೆ ಇಡುತ್ತೀರಿ?

ಅಡಿಟಿವ್ ವಿಷಯ. ಲ್ಯಾಬಿನಲ್ಲಿ ಬೀಕರಿಗೆ ನಾವೇ ಹಾಕುತ್ತೇವೆ, ಅದಕ್ಕೆ ಆ ಹೆಸರು. ಮೂತ್ರದಲ್ಲಿ ಸಿಟ್ರೇಟ್ ತಾನಾಗಿಯೇ ಇರುತ್ತದೆ, ಯಾರೂ ಸೇರಿಸಿದ್ದಲ್ಲ. ಗೋಡೆಯ ಮೇಲೆ ‘ಸೇರಿಕೆ’ ಅಂತ ಕಂಡರೆ ಜನ ಬೇಕರಿ ತಿಂಡಿಯ ಬಣ್ಣ, ಪ್ರಿಸರ್ವೇಟಿವ್ ಅಂದುಕೊಳ್ಳುತ್ತಾರೆ. ಆ ಪದವನ್ನೇ ತೆಗೆಯಿರಿ.

ಕಲ್ಲು, ಹರಳು ಎರಡನ್ನೂ ಮಾತ್ರ ಬೇರೆಯಾಗಿ ಇಡಲೇಬೇಕು. ರಿಪೋರ್ಟಿನಲ್ಲಿ ‘ಕ್ಯಾಲ್ಸಿಯಂ ಆಕ್ಸಲೇಟ್ ಕ್ರಿಸ್ಟಲ್ಸ್’ ಅಂತ ನೋಡಿ ಕಲ್ಲಾಗಿದೆ ಅಂತ ಹೆದರಿ ಬಂದವರನ್ನು ಕಂಡಿದ್ದೇನೆ. ಕಲ್ಲಿಲ್ಲದವರ ಮೂತ್ರದಲ್ಲೂ ಹರಳು ಕಾಣುತ್ತದೆ.

* * *

> ಕಾಯಂ ಹೆಸರು ಹೇಗೆ ಇಡುತ್ತೀರಿ

‘ತಡೆಕ’ ಅಂದದ್ದು ನಾನೇ. ಹೆಸರು ಇಡದಿದ್ದರೆ ಕನ್ನಡದಲ್ಲಿ ವಿಜ್ಞಾನ ಬರೆಯುವುದು ಹೇಗೆ ಮೇಡಂ? ಪ್ರತಿ ಸಲ ಒಂದು ವಾಕ್ಯ ಬರೆಯಬೇಕಾ? ಸಿಟ್ರೇಟ್, ಆಕ್ಸಲೇಟ್ ಹಾಗೇ ಬರಲಿ, ತಕರಾರಿಲ್ಲ. ‘ಕಿಡ್ನಿ’ ಯಾಕೆ? ನಮ್ಮ ಮೈಯೊಳಗಿನ ಅಂಗಕ್ಕೂ ಹೊರಗಿನ ಹೆಸರು ಬೇಕಾ?

* * *

ಬೇಕು. ಒಂದು ಪುಸ್ತಕದಲ್ಲಿ ಮೂತ್ರಪಿಂಡ, ಇನ್ನೊಂದರಲ್ಲಿ ಮೂತ್ರಜನಕಾಂಗ. ಮೂತ್ರಕೋಶ ಅಂದರೆ ಕೆಲವರಿಗೆ ಕಿಡ್ನಿ, ಕೆಲವರಿಗೆ ಮೂತ್ರ ತುಂಬುವ ಚೀಲ. ಆಸ್ಪತ್ರೆಯಲ್ಲಿ ಈ ಗೊಂದಲ ಅಪಾಯ. ಕಿಡ್ನಿ ಅಂದರೆ ಎಲ್ಲರಿಗೂ ಒಂದೇ. ಇವೆಲ್ಲವನ್ನೂ ನೀವು ಸಂಸ್ಕೃತ ಅಂತ ತಳ್ಳಿದರೆ ಉಳಿಯುವುದೂ ಅದೊಂದೇ.

* * *

ಉಪಕಾರವಾಯಿತು. ತಡೆಕ, ನಿರೋಧಕ, ಸೇರಿಕೆ ಮೂರನ್ನೂ ಬಿಟ್ಟೆ. ಹೀಗೆ ಬರೆದಿದ್ದೇನೆ:

‘ಮೂತ್ರದಲ್ಲಿ ಮೊದಲು ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಆಗುತ್ತದೆ. ಅದು ಬೆಳೆದು, ಒಂದಕ್ಕೊಂದು ಅಂಟಿದರೆ ಕಿಡ್ನಿ ಕಲ್ಲು. ಮೂತ್ರದಲ್ಲಿರುವ ಸಿಟ್ರೇಟ್ ಹರಳನ್ನು ಸುಲಭವಾಗಿ ಬೆಳೆಯಲು ಬಿಡುವುದಿಲ್ಲ.’

ಇದೇ ಪೋಸ್ಟರ್ ಹುಬ್ಬಳ್ಳಿಗೂ ಹೋಗುತ್ತದಂತೆ. ಅಲ್ಲಿ ಹರಳು ಅಂದ ಕೂಡಲೇ ಹಳ್ಳು, ಅಂದರೆ ಕಲ್ಲೇ, ಅಂತ ಓದಿಕೊಳ್ಳುತ್ತಾರಾ? ಧಾರವಾಡದವರು ರಾತ್ರಿಯೊಳಗೆ ಹೇಳಿದರೆ ಆ ಪ್ರತಿಗೆ ‘ಪುಡಿ ಹರಳು’ ಅಂತ ಮಾಡುತ್ತೇನೆ.